ನಾಯಿಮರಿಯೋ, ಬೆಕ್ಕಿನ ಮರಿಯೋ: ನಿಮ್ಮ ಮನೆ ಯಾವುದಕ್ಕೆ ಸರಿ?

ನಾಯಿಮರಿ ತಂದರೆ ನೆಲ ನೋಡಿ, ಬೆಕ್ಕಿನ ಮರಿ ತಂದರೆ ಎತ್ತರ ನೋಡಿ. ನಾಯಿಮರಿ ಸಿಕ್ಕಿದ್ದೆಲ್ಲ ಕಚ್ಚುತ್ತದೆ: ಕೂಲರ್ ವೈರು, ಚಪ್ಪಲಿ, ಕೆಳಗೆ ಬಿದ್ದ ಒಣದ್ರಾಕ್ಷಿ. ದ್ರಾಕ್ಷಿ, ಚಾಕೊಲೇಟ್ ಎರಡೂ ಅದಕ್ಕೆ ವಿಷ. ಲಸಿಕೆ ಮುಗಿಯುವವರೆಗೆ ಬೀದಿಗೆ ಬಿಡಬೇಡಿ, ಪಾರ್ವೊ ಅನ್ನೋ ವೈರಸ್ ರೋಗ ಬಂದರೆ ಉಳಿಸೋದು ಕಷ್ಟ.

ಬೆಕ್ಕಿನ ಮರಿಗೆ ಕಿಟಕಿಗೆ ಜಾಲರಿ ಬೇಕು. ಸೂಜಿ-ದಾರ ನುಂಗಿಬಿಡುತ್ತದೆ, ಎತ್ತಿಡಿ. ಲಿಲ್ಲಿ ಹೂವು ಮನೆಯೊಳಗೇ ಬೇಡ, ಕಿಡ್ನಿ ಕೆಡುತ್ತದೆ. ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಜೀವ ತೆಗೆಯಬಹುದು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ಶಹಾಬಾದ್ ಕಲ್ಲಿನ ನೆಲ ಎರಡಕ್ಕೂ ತಂಪು. ಕಾದ ಮಾಳಿಗೆ ಮಾತ್ರ ಬೇಡ, ಪಾದ ಸುಡುತ್ತದೆ. ಅಂಗಳ, ಗೇಟು ಇದ್ದರೆ ನಾಯಿ ತನ್ನಿ. ಎರಡು ಕೋಣೆಯ ಬಾಡಿಗೆ ಮನೆ ಅಂದ್ರೆ ನಾನಂತೂ ಬೆಕ್ಕೇ ಅಂತೀನಿ.