ಹಳೇ ಕಾರಿಗೆ ರೀಕಂಡೀಷನ್ ಪವರ್ ಸ್ಟೀರಿಂಗ್ ರ‍್ಯಾಕ್: ನಾಲ್ಕು ವರ್ಷ ಓಡಿಸಿದ ಮೇಲೆ

ಸ್ಟೀರಿಂಗ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಲೇ ಇತ್ತು, ಕಾರು ನಿಲ್ಲಿಸಿದ ಜಾಗದಲ್ಲಿ ಮಾತ್ರ ಒಂದು ಹನಿಯೂ ಕಾಣುತ್ತಿರಲಿಲ್ಲ. ಆಗ 14 ವರ್ಷ ತುಂಬಿದ್ದ ನನ್ನ ಕಾರಿನಲ್ಲಿ ತೊಂದರೆ ಶುರುವಾದದ್ದು ಹೀಗೆ. ಮೂರು ತಿಂಗಳು ಆಯಿಲ್ ತುಂಬಿಸಿಕೊಂಡೇ ಓಡಿಸಿದೆ. ಒಂದು ದಿನ ಸ್ಟೀರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಕೈ ಹಾಕಿ, ಸ್ಟೀರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ರ‍್ಯಾಕಿನ ತುದಿಯ ರಬ್ಬರ್ ಬೂಟನ್ನು (ಮಡಿಕೆ ಮಡಿಕೆಯ ಹೊದಿಕೆ) ಹಿಚುಕಿದೆ. ನೀರು ತುಂಬಿದ ಚೀಲದ ಹಾಗೆ ತೊಳಕ್ ಅಂದಿತು. ಆಯಿಲ್ ತಡೆಯುವ ರಬ್ಬರ್ ಸೀಲು ದಾಟಿದ ಆಯಿಲೆಲ್ಲ ಅದರೊಳಗೇ ಕೂತಿತ್ತು. ನಿಮ್ಮ ಕಾರಿನಲ್ಲೂ ಆಯಿಲ್ ಕಾಣೆಯಾಗುತ್ತಿದ್ದರೆ ಮೊದಲು ಎರಡೂ ಬೂಟು ಹಿಚುಕಿ ನೋಡಿ. ಪಂಪು, ಹೋಸು ಬದಲಾಯಿಸುವ ಮಾತು ಆಮೇಲೆ.

ಆಗ ನಾನು ಮಾಡಿದ ಮೊದಲ ಕೆಲಸ ತಪ್ಪಾಯಿತು. ಅದನ್ನು ಹೇಳದೆ ಈ ರ‍್ಯಾಕಿನ ವಿಮರ್ಶೆ ಪೂರ್ತಿಯಾಗುವುದಿಲ್ಲ. ರ‍್ಯಾಕ್ ಬಿಚ್ಚಿಸಿ ಸೀಲ್ ಕಿಟ್ ಮಾತ್ರ ಹಾಕಿಸಿದೆ. ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯಿತು. ಏಳನೇ ತಿಂಗಳಿಗೆ ಅದೇ ಕಡೆಯ ಬೂಟಿನಲ್ಲಿ ಮತ್ತೆ ಆಯಿಲ್. ಕಾರಣ ಸರಳಿನ ಮೇಲೇ ಇತ್ತು. ಹೈಡ್ರಾಲಿಕ್ ರ‍್ಯಾಕ್ ಎಂದರೆ ಕೊಳವೆಯೊಳಗೆ ಅತ್ತಿತ್ತ ಜಾರುವ ಹಲ್ಲಿನ ಸರಳು, ಅದರ ಮೇಲೊಂದು ಪಿಸ್ಟನ್. ಸ್ಟೀರಿಂಗ್ ತಿರುಗಿಸಿದಾಗ ಸರಳಿನ ಹಲ್ಲಿಗೆ ಕೂಡಿಕೊಳ್ಳುವ ಪಿನಿಯನ್ನಿನ (ಸಣ್ಣ ಹಲ್ಲುಚಕ್ರ) ಜೊತೆಗಿರುವ ಟಾರ್ಷನ್ ಬಾರ್ ಎಂಬ ತೆಳು ಕಡ್ಡಿ ತುಸು ತಿರುಚಿಕೊಂಡು ವಾಲ್ವ್ ತೆರೆಯುತ್ತದೆ, ಪಂಪಿನಿಂದ ಬಂದ ಆಯಿಲ್ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ಸರಳನ್ನು ತಳ್ಳುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಆ ಒತ್ತಡ ಹಲವು ಕಾರುಗಳಲ್ಲಿ 80 ಬಾರ್ (ಒತ್ತಡದ ಅಳತೆ) ಆಸುಪಾಸಿಗೆ ಏರುತ್ತದೆ. ಟೈರಿನಲ್ಲಿ ನಾವು ತುಂಬಿಸುವ ಗಾಳಿ 2 ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಷ್ಟು ಒತ್ತಡವನ್ನು ತಡೆದು ನಿಲ್ಲಿಸಬೇಕಾದದ್ದು ತೆಳುವಾದ ರಬ್ಬರ್ ತುಟಿ. ನನ್ನ ಕಾರಿನ ಬೂಟಿನೊಳಗೆ ಯಾವಾಗಲೋ ನೀರು ಮಣ್ಣು ಹೋಗಿ, ಸರಳಿನ ನುಣುಪಾದ ಭಾಗದಲ್ಲಿ ತುಕ್ಕಿನ ಸಣ್ಣ ಗುಳಿಗಳು ಬಿದ್ದಿದ್ದವು. ಉಗುರು ಆಡಿಸಿದರೆ ಗೊತ್ತಾಗುವಷ್ಟು. ಅಂಥ ಸರಳು ಒಂದೊಂದು ಸಲ ಜಾರಿದಾಗಲೂ ಹೊಸ ಸೀಲನ್ನು ಅರದ ಹಾಗೆ ಉಜ್ಜುತ್ತದೆ. ಸರಳು ಕನ್ನಡಿಯಂತೆ ಇದ್ದರೆ ಸೀಲ್ ಕಿಟ್ ಒಳ್ಳೆಯ ಪರಿಹಾರವೇ. ಗುಳಿ ಬಿದ್ದಿದ್ದರೆ ಆ ಹಣ ಉಳಿಸಿಕೊಳ್ಳಿ.

ಎರಡನೇ ಸಲ ಹಳೇ ರ‍್ಯಾಕ್ ವಾಪಸ್ ಕೊಟ್ಟು, ಕಾರ್ಖಾನೆಯಲ್ಲಿ ರೀಕಂಡೀಷನ್ ಮಾಡಿದ ಪೂರ್ತಿ ರ‍್ಯಾಕ್ ತೆಗೆದುಕೊಂಡೆ. ನನ್ನ ಕಾರಿಗೆ ಕಂಪನಿಯ ಹೊಸ ರ‍್ಯಾಕ್ ಸಿಗುವುದೇ ಕಷ್ಟವಾಗಿತ್ತು. ಪೆಟ್ಟಿಗೆಯಲ್ಲಿ ರ‍್ಯಾಕ್, ಒಳಗಿನ ಟೈ ರಾಡ್‌ಗಳು (ಸರಳಿನಿಂದ ಚಕ್ರದ ಕಡೆಗೆ ಹೋಗುವ ಕಡ್ಡಿಗಳು), ಹೊಸ ಬೂಟುಗಳು, ಪೈಪ್ ಸೇರುವ ತೂತುಗಳಿಗೆ ಪ್ಲಾಸ್ಟಿಕ್ ಬಿರಡೆ ಇದ್ದವು. ಹೊರಗಿನ ಟೈ ರಾಡ್ ಎಂಡ್, ಪೈಪಿನ ಓ ರಿಂಗ್ ಬೇರೆ ಕೊಳ್ಳಬೇಕಾಯಿತು. ಹೊರಕವಚದ ಬಣ್ಣ ಆರೇ ತಿಂಗಳಲ್ಲಿ ಸಿಪ್ಪೆ ಎದ್ದಿತು. ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ, ನೋಡಲು ಬೇಸರ. ಹೊಸದನ್ನು ಕೂರಿಸುವ ಮೊದಲು ಹಳೆಯದರ ಪಕ್ಕ ಇಟ್ಟು ಉದ್ದ, ಬೋಲ್ಟ್ ಹಾಕುವ ಕಿವಿಗಳ ತೂತು, ಪೈಪ್ ಸೇರುವ ಜಾಗ, ಒಂದು ಕೊನೆಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಎನ್ನುವುದನ್ನು ಹೋಲಿಸಿ ನೋಡಿದೆವು. ಒಂದೇ ಮಾಡೆಲಿನಲ್ಲಿ ಎರಡು ಬಗೆಯ ರ‍್ಯಾಕ್ ಬಂದಿರುವುದುಂಟು.

ಕೂರಿಸುವ ದಿನ ಪೂರ್ತಿ ಮೆಕ್ಯಾನಿಕ್ ಜೊತೆಗೇ ನಿಂತಿದ್ದೆ. ಸ್ಟೀರಿಂಗ್ ಕಾಲಮ್ಮಿನ ಜೋಡಣೆ ಬಿಚ್ಚುವ ಮೊದಲು ಅವರು ಸ್ಟೀರಿಂಗನ್ನು ನೇರ ಮಾಡಿ ಸೀಟ್ ಬೆಲ್ಟಿನಿಂದ ಬಿಗಿದು ಕಟ್ಟಿದರು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇದನ್ನು ಮರೆಯಲೇಬಾರದು. ಜೋಡಣೆ ಬಿಟ್ಟ ಮೇಲೆ ಸ್ಟೀರಿಂಗ್ ತನ್ನಷ್ಟಕ್ಕೆ ಸುತ್ತಿದರೆ ಅದರ ಹಿಂದಿರುವ, ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಕ್ಲಾಕ್ ಸ್ಪ್ರಿಂಗಿನ ಪಟ್ಟಿ ಹರಿಯುತ್ತದೆ, ಏರ್‌ಬ್ಯಾಗ್ ಲೈಟ್ ಹತ್ತುತ್ತದೆ. ನನ್ನ ಕಾರಿನಲ್ಲಿ ಸಬ್‌ಫ್ರೇಮ್ (ಮುಂಭಾಗದ ಕೆಳಗಿನ ಚೌಕಟ್ಟು) ಸ್ವಲ್ಪ ಕೆಳಗಿಳಿಸದೆ ರ‍್ಯಾಕ್ ಹೊರಗೆ ಬರಲಿಲ್ಲ, ಅರ್ಧ ದಿನ ಅದಕ್ಕೇ ಹೋಯಿತು. ಹೊಸ ರ‍್ಯಾಕನ್ನು ಕೊನೆಯಿಂದ ಕೊನೆಗೆ ಸುತ್ತಿ, ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿದ ಮೇಲೆಯೇ ಕಾಲಮ್ ಸೇರಿಸಿದರು.

ಆದರೆ ಈ ರ‍್ಯಾಕ್ ಇಷ್ಟು ವರ್ಷ ಬಾಳಲು ಮುಖ್ಯ ಕಾರಣ ಹಳೇ ಆಯಿಲನ್ನು ಒಂದು ತೊಟ್ಟೂ ಬಿಡದೆ ತೊಳೆದು ತೆಗೆದದ್ದು ಎಂದು ನಾನು ನಂಬುತ್ತೇನೆ. ಸೀಲ್ ಕಿಟ್ ಹಾಕಿಸಿದಾಗ ಡಬ್ಬಿಯಲ್ಲಿದ್ದದ್ದನ್ನು ಮಾತ್ರ ಬದಲಾಯಿಸಿದ್ದರು. ಪಂಪಿನಲ್ಲಿ, ಪೈಪುಗಳಲ್ಲಿ ಉಳಿದಿದ್ದ ಕಪ್ಪು ಆಯಿಲ್, ಸವೆದ ರಬ್ಬರು ಮತ್ತು ಲೋಹದ ಪುಡಿಯ ಸಮೇತ, ನೇರ ಹೊಸ ಸೀಲಿಗೇ ಹೋಗಿತ್ತು. ಈ ಸಲ ನಾನು ಪಟ್ಟು ಹಿಡಿದೆ. ವಾಪಸ್ ಬರುವ ಹೋಸನ್ನು ಡಬ್ಬಿಯಿಂದ ಬಿಡಿಸಿ ಕ್ಯಾನಿಗೆ ಇಳಿಬಿಟ್ಟು, ಡಬ್ಬಿಯ ಆ ಬಾಯಿ ಮುಚ್ಚಿ, ಮೇಲಿಂದ ಹೊಸ ಆಯಿಲ್ ಸುರಿಯುತ್ತ ಹೋದೆವು. ವ್ಯವಸ್ಥೆಗೆ ಹಿಡಿಸುವುದು ಸುಮಾರು ಒಂದು ಲೀಟರ್, ನಾವು ಎರಡು ಲೀಟರಿಗೂ ಹೆಚ್ಚು ಹರಿಸಿದೆವು. ಮೊದಲು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬಂದದ್ದು ಕೊನೆಗೆ ತಿಳಿಗೆಂಪಾಯಿತು. ಡಬ್ಬಿಯ ತಳದ ಜಾಲರಿ ಹೊರಗೆ ತೆಗೆಯಲು ಬರುವಂಥದ್ದಲ್ಲ, ಅದಕ್ಕೇ ಡಬ್ಬಿಯನ್ನೇ ಬದಲಾಯಿಸಿದೆ. ರೀಕಂಡೀಷನ್ ರ‍್ಯಾಕ್ ಮಾರುವವರಲ್ಲಿ ಅನೇಕರು ವಾರಂಟಿಗೆ ಈ ತೊಳೆಯುವ ಕೆಲಸವನ್ನೇ ಷರತ್ತು ಮಾಡುತ್ತಾರೆ. ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ.

ಆಯಿಲ್ ಯಾವುದು ಅನ್ನುವುದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಇರುತ್ತದೆ. ಕೆಲವು ಕಾರುಗಳಿಗೆ ಡೆಕ್ಸ್ರಾನ್ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಕೆಲವಕ್ಕೆ ತಯಾರಕರದೇ ಸ್ಟೀರಿಂಗ್ ಆಯಿಲ್, ಯೂರೋಪಿನ ಕೆಲವು ಕಾರುಗಳಿಗೆ ಹಸಿರು ಬಣ್ಣದ ಹೈಡ್ರಾಲಿಕ್ ಆಯಿಲ್. ಬೆರೆಸಬೇಡಿ.

ಗಾಳಿ ತೆಗೆಯುವಾಗ ಅವಸರ ಮಾಡದಿರುವುದೂ ಅಷ್ಟೇ ಮುಖ್ಯ. ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿ, ಇಂಜಿನ್ ಆಫ್ ಇಟ್ಟುಕೊಂಡೇ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ 20 ಸಲ ತಿರುಗಿಸಿದೆ, ಮಟ್ಟ ಇಳಿದ ಹಾಗೆಲ್ಲ ಆಯಿಲ್ ಸೇರಿಸಿದರು. ಗುಳ್ಳೆ ಬರುವುದು ನಿಂತ ಮೇಲೆ ಇಂಜಿನ್ ಶುರು ಮಾಡಿದರು. ಮೊದಲೇ ಇಂಜಿನ್ ಹಚ್ಚಿದರೆ ಪಂಪು ಗಾಳಿಯನ್ನೂ ಆಯಿಲನ್ನೂ ಮಜ್ಜಿಗೆಯಂತೆ ಕಡೆದು ನೊರೆ ಮಾಡಿಬಿಡುತ್ತದೆ. ಆ ನೊರೆ ಕರಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಪಂಪು ನರಳುತ್ತದೆ.

ಆಮೇಲೆ ವೀಲ್ ಅಲೈನ್‌ಮೆಂಟ್. ಹಳೇ ಟೈ ರಾಡಿನ ತಿರುಪಿನ ಎಳೆ ಎಷ್ಟು ಸುತ್ತು ಎಂದು ಎಣಿಸಿಟ್ಟುಕೊಂಡಿದ್ದರೂ ಅದು ಅಲೈನ್‌ಮೆಂಟ್ ಅಂಗಡಿಯವರೆಗೆ ಹೋಗುವುದಕ್ಕೆ ಸಾಕು, ಅದಕ್ಕಿಂತ ಹೆಚ್ಚಲ್ಲ. ಮೊದಲ ವಾರ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಓರೆಯಾಗಿತ್ತು. ಇನ್ನೊಂದು ಸಲ ಹೋಗಿ ಸರಿ ಮಾಡಿಸಿದೆ.

ಈಗ ನಾಲ್ಕು ವರ್ಷ, 52,000 ಕಿಲೋಮೀಟರ್. ಮೊದಲ ವರ್ಷ ಹೇಳುವಂಥದ್ದೇನೂ ಇರಲಿಲ್ಲ. ಮೊದಲ ದಿನವೇ ಗೊತ್ತಾದ ಒಂದು ವ್ಯತ್ಯಾಸ ಇವತ್ತಿಗೂ ಇದೆ: ನೇರ ಹೋಗುವಾಗ ನಡುವೆ ಸ್ಟೀರಿಂಗ್ ಮೂಲ ರ‍್ಯಾಕಿಗಿಂತ ತುಸು ಬಿಗಿ. ಹೆದ್ದಾರಿಯಲ್ಲಿ ನನಗೆ ಅದು ಇಷ್ಟವೇ, ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ತೋಳಿಗೆ ಗೊತ್ತಾಗುತ್ತದೆ. ಎರಡನೇ ವರ್ಷ ಎಡ ಬೂಟಿನ ಕ್ಲಿಪ್ ಸಡಿಲವಾದದ್ದು ಸರ್ವಿಸ್ ವೇಳೆ ಕಣ್ಣಿಗೆ ಬಿತ್ತು, ಬದಲಾಯಿಸಿದೆ. ಇಂಥ ಸಣ್ಣ ಕ್ಲಿಪ್ಪಿನಿಂದಲೇ ನನ್ನ ಮೊದಲ ರ‍್ಯಾಕ್ ಹಾಳಾಗಲು ಶುರುವಾಗಿದ್ದರೂ ಇರಬಹುದು.

ಮೂರನೇ ವರ್ಷ ಹದಗೆಟ್ಟ ರಸ್ತೆಯಲ್ಲಿ ಕಟಕಟ ಸದ್ದು ಶುರುವಾಯಿತು. ಬೇರೊಂದು ಗ್ಯಾರೇಜಿನವರು ‘ಸರ್, ರ‍್ಯಾಕಿನಲ್ಲಿ ಪ್ಲೇ (ಸಡಿಲ) ಬಂದಿದೆ, ಕೆಳಗಿನ ನಟ್ ಬಿಗಿ ಮಾಡಿಕೊಡ್ತೀನಿ’ ಅಂದರು. ನಾನು ಒಪ್ಪಲಿಲ್ಲ. ಆ ನಟ್ಟು ಸರಳನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ಸ್ಪ್ರಿಂಗಿನದು. ಅದನ್ನು ಅತಿಯಾಗಿ ಬಿಗಿದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹಲ್ಲುಗಳೂ ಬೇಗ ಸವೆಯುತ್ತವೆ. ನನ್ನ ಮೆಕ್ಯಾನಿಕ್ ಹತ್ತಿರ ಹೋದೆ. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲ್ಲಾಡಿಸುತ್ತಿದ್ದರೆ ಅವರು ಕೆಳಗೆ ಒಂದೊಂದೇ ಕೀಲಿನ ಮೇಲೆ ಕೈ ಇಟ್ಟು ನೋಡಿದರು. ಟೈ ರಾಡಿನಲ್ಲಿ ಏನೂ ಇರಲಿಲ್ಲ. ಸದ್ದು ಬರುತ್ತಿದ್ದದ್ದು ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಜರಿನ ಲಿಂಕ್ ರಾಡಿನಿಂದ. ಅದನ್ನು ಬದಲಾಯಿಸಿದ ದಿನವೇ ಸದ್ದು ನಿಂತಿತು.

ಇಷ್ಟು ವರ್ಷದಲ್ಲಿ ನಾನು ಬದಲಿಸಿಕೊಂಡ ಅಭ್ಯಾಸ ಎರಡೇ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೇ ಒತ್ತಿ ಹಿಡಿಯುವುದಿಲ್ಲ, ಕೊನೆ ಮುಟ್ಟಿದ ಕೂಡಲೇ ತುಸು ಸಡಿಲ ಬಿಡುತ್ತೇನೆ. ನಿಂತ ಕಾರಿನಲ್ಲಿ ಚಕ್ರ ತಿರುಗಿಸುವುದನ್ನೂ ಆದಷ್ಟು ಬಿಟ್ಟಿದ್ದೇನೆ.

ಕಾರಿನ ಬಾಡಿ, ಇಂಜಿನ್ ಗಟ್ಟಿಯಿದ್ದು ಇನ್ನೂ ಮೂರ್ನಾಲ್ಕು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಇಂಥ ರ‍್ಯಾಕಿಗೆ ಹಣ ಹಾಕಬಹುದು. ವರ್ಷದೊಳಗೆ ಮಾರುವ ಯೋಚನೆಯಿದ್ದರೆ ಬೇಡ. ನನ್ನ ರ‍್ಯಾಕಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ಬಿಗಿಗೆ ಮತ್ತು ಬಣ್ಣಕ್ಕೆ. ಹೋದ ವಾರ ಮತ್ತೆ ಎರಡೂ ಬೂಟು ಹಿಚುಕಿ ನೋಡಿದೆ, ಒಣಗಿದ್ದವು. ಪಂಪಿನಿಂದ ಬರುವ ಹಳೇ ಹೋಸಿನ ಜೋಡಣೆಯಲ್ಲಿ ಮಾತ್ರ ತೆಳುವಾಗಿ ಆಯಿಲ್ ಜಿನುಗಿದ ಗುರುತಿದೆ. ಮುಂದಿನ ಸರ್ವಿಸಿನಲ್ಲಿ ಅದನ್ನು ಬದಲಾಯಿಸಲು ಹೇಳಿದ್ದೇನೆ.