ಗಿನಿ ಪಿಗ್ ಕಜ್ಜಿಗೆ ಇಪ್ಪತ್ತೈದು ಪಟ್ಟು ಐವರ್ಮೆಕ್ಟಿನ್: ಎಡವಟ್ಟು ಆಗುವುದು ಹೀಗೆ

ಅಂಗಡಿಯಿಂದ ತಂದ ಗಿನಿ ಪಿಗ್, ತೂಕ 600 ಗ್ರಾಂ. ಭುಜ, ಬೆನ್ನಿನ ಕೂದಲು ಉದುರಿ ಹಳದಿ ಹಕ್ಕಳೆ ಕಟ್ಟಿತ್ತು, ಮುಟ್ಟಿದರೆ ಕಿರುಚುತ್ತಿತ್ತು. ಫೋನಿನಲ್ಲಿ ಸಿಕ್ಕ ಸಲಹೆ: 1% ಐವರ್ಮೆಕ್ಟಿನ್ (ಕಜ್ಜಿ, ಹುಳುಗಳಿಗೆ ಕೊಡುವ ಔಷಧಿ), ಇನ್ಸುಲಿನ್ ಸಿರಿಂಜಿನಲ್ಲಿ ಎರಡೂವರೆ ಗೆರೆ (ಯೂನಿಟ್), ಚರ್ಮದಡಿಗೆ. ದನದ ಔಷಧಿ ಅಂಗಡಿಯಲ್ಲಿ ಬಾಟಲಿ ಸಿಕ್ಕಿತು, ಪಕ್ಕದ ಮೆಡಿಕಲ್‌ನಲ್ಲಿ ಸಿರಿಂಜ್ ಸಿಕ್ಕಿತು. ಚೀಟಿಯಲ್ಲಿ 2.5ರ ಚುಕ್ಕೆ ಮಾಯವಾಗಿ 25 ಆಯಿತು. ರಾತ್ರಿಯೊಳಗೆ ಹಿಂಗಾಲು ತೂರಾಡತೊಡಗಿದವು, ಬಾಯಲ್ಲಿ ಜೊಲ್ಲು, ಮೈ ನಡುಕ. ಮರುದಿನ ಪ್ರಾಣಿ ಉಳಿಯಲಿಲ್ಲ.

ಇಲ್ಲಿ ಔಷಧಿ ಸರಿಯಾದದ್ದೇ. ಲೆಕ್ಕ ನೋಡಿ. ಗಿನಿ ಪಿಗ್‌ಗೆ ಐವರ್ಮೆಕ್ಟಿನ್ ಡೋಸ್ ಕಿಲೋ ತೂಕಕ್ಕೆ 0.2ರಿಂದ 0.5 ಮಿಲಿಗ್ರಾಂ. 0.4 ಎಂದುಕೊಂಡರೆ 600 ಗ್ರಾಂ ಪ್ರಾಣಿಗೆ 0.24 ಮಿಲಿಗ್ರಾಂ. 1% ಎಂದರೆ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ, ಅಂದರೆ ಬೇಕಾದದ್ದು 0.024 ಮಿಲಿ. ಒಂದು ಹನಿಯೂ ಆಗದು. ಸಲಹೆ ಕೊಟ್ಟವರ ತಲೆಯಲ್ಲಿದ್ದದ್ದು ಯು-100 ಸಿರಿಂಜ್, ಅದರಲ್ಲಿ ಒಂದು ಯೂನಿಟ್ 0.01 ಮಿಲಿ. ಅಂಗಡಿಯವರು ಕೊಟ್ಟದ್ದು ಯು-40, ಅದರಲ್ಲಿ ಒಂದು ಯೂನಿಟ್ 0.025 ಮಿಲಿ. ನಮ್ಮಲ್ಲಿ ಎರಡೂ ಮಾರಾಟಕ್ಕಿವೆ. ಸಾಮಾನ್ಯವಾಗಿ ಯು-40ಕ್ಕೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ. ಚುಕ್ಕೆ ಬಿಟ್ಟುಹೋದದ್ದು ಹತ್ತು ಪಟ್ಟು, ಸಿರಿಂಜ್ ಬದಲಾದದ್ದು ಎರಡೂವರೆ ಪಟ್ಟು. ಎರಡನ್ನೂ ಗುಣಿಸಿದರೆ ಇಪ್ಪತ್ತೈದು. ಒಳಗೆ ಹೋದದ್ದು 6 ಮಿಲಿಗ್ರಾಂಗಿಂತ ಹೆಚ್ಚು.

ಅದಕ್ಕೇ ಡೋಸನ್ನು 'ಯೂನಿಟ್', 'ಗೆರೆ', 'ಹನಿ' ಎಂದು ಯಾರೇ ಹೇಳಲಿ, ಒಪ್ಪಬೇಡಿ. ಎಷ್ಟು ಮಿಲಿಗ್ರಾಂ, ಬಾಟಲಿ ಎಷ್ಟು ಪರ್ಸೆಂಟ್, ಎಷ್ಟು ಮಿಲಿ ಎಂದು ಮೂರನ್ನೂ ಬರೆಸಿಕೊಳ್ಳಿ. ಬಾಟಲಿಯಲ್ಲೂ ಮೋಸ ಹೋಗಬಹುದು: ದನಗಳಿಗೆಂದು 3.15% ಐವರ್ಮೆಕ್ಟಿನ್ ಇದೆ, ಕ್ಲೋರ್ಸುಲಾನ್ (ಯಕೃತ್ತಿನ ಹುಳದ ಔಷಧಿ) ಬೆರೆಸಿದ್ದೂ ಇದೆ. ಅವೆರಡೂ ಇಲ್ಲಿ ಬೇಡ. ಸೂಜಿ ಬಿಚ್ಚಿ ಹಾಕುವ ಸಿರಿಂಜ್ ಇದ್ದರೆ ಸೂಜಿಯ ಬುಡದಲ್ಲಿ ನಿಲ್ಲುವ ಔಷಧಿಯೇ ಇಡೀ ಡೋಸ್‌ಗಿಂತ ಹೆಚ್ಚಿರಬಹುದು. ಅದರೊಳಗೇ ಇನ್ನೊಂದು ದ್ರವ ಎಳೆದು ತೆಳುಮಾಡಿದರೆ ಆ ಉಳಿಕೆಯೂ ಡೋಸ್‌ಗೆ ಸೇರಿಬಿಡುತ್ತದೆ. ಇನ್ನು ನೀರು ಬೆರೆಸಿ ತೆಳುಮಾಡುವುದಂತೂ ಕೂಡದು, ಈ ಔಷಧಿ ನೀರಿನಲ್ಲಿ ಕರಗುವುದಿಲ್ಲ. ವೈದ್ಯರು ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ತೆಳುಮಾಡಿ ಅಳೆಯುವಷ್ಟು ಪ್ರಮಾಣಕ್ಕೆ ತರುತ್ತಾರೆ. ತೂಕ ಅಂದಾಜಿನದ್ದಾಗಬಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಅದರೊಳಗೆ ಕೂರಿಸಿ ತೂಗಿ.

ಈ ಪ್ರಕರಣದಲ್ಲಿ ಇನ್ನೂ ಒಂದು ಹೊತ್ತು ವ್ಯರ್ಥವಾಯಿತು. ನಡುಕ ಬಂದಾಗ "ಕಜ್ಜಿಯ ಫಿಟ್ಸ್ ಇರಬೇಕು" ಎಂದು ಮನೆಯವರು ಸುಮ್ಮನಿದ್ದರು. ಆ ಅನುಮಾನ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಚರ್ಮದೊಳಗೆ ಬಿಲ ಕೊರೆಯುವ ಟ್ರಿಕ್ಸಾಕರಸ್ ಕೇವಿಯೆ ಎಂಬ ಮೈಟ್ (ಕಣ್ಣಿಗೆ ಕಾಣದ ಕಜ್ಜಿ ಹುಳು) ಎಷ್ಟು ತುರಿಕೆ ಹುಟ್ಟಿಸುತ್ತದೆಂದರೆ ಪ್ರಾಣಿ ಕೆರೆದು ಕೆರೆದು ಫಿಟ್ಸ್ ಬಂದಂತೆ ಒದ್ದಾಡುತ್ತದೆ. ಆದರೆ ಅದು ಮುಟ್ಟಿದಾಗ ಅಥವಾ ಕೆರೆದಾಗ ಬಂದು ಹೋಗುತ್ತದೆ, ನಡುವೆ ಪ್ರಾಣಿ ಎಚ್ಚರವಾಗಿ ಓಡಾಡುತ್ತದೆ. ಔಷಧಿ ಹೆಚ್ಚಾದಾಗ ಮಂಕು ಇಳಿಯುವುದಿಲ್ಲ, ಕಣ್ಣಿನ ಪಾಪೆ ಹಿಗ್ಗಿರುತ್ತದೆ, ನಡಿಗೆ ತಪ್ಪುತ್ತದೆ, ಮೈ ತಣ್ಣಗಾಗುತ್ತದೆ. ಪ್ರತಿವಿಷ ಇಲ್ಲ. ಬೆಚ್ಚಗಿಟ್ಟು, ದ್ರವ ಕೊಟ್ಟು ವೈದ್ಯರು ಕಾಯುವುದೇ ಮುಖ್ಯ ದಾರಿ, ಹಾಗಾಗಿ ಮೊದಲ ತೂರಾಟಕ್ಕೇ ಹೊರಡಬೇಕು.

ಚುಚ್ಚುಮದ್ದು ಬೇಡವೆನ್ನುವವರಿಗೆ ಚರ್ಮದ ಮೇಲೆ ಹಾಕುವ ಸೆಲಮೆಕ್ಟಿನ್ ಇದೆ, ನಮ್ಮ ಮಟ್ಟಿಗೆ ಮನೆಯಲ್ಲಿ ಹಾಕಲು ಅದೇ ಮೇಲು. ಕಿಲೋಗೆ 15 ಮಿಲಿಗ್ರಾಂ. 6% ಟ್ಯೂಬಿನಲ್ಲಿ ಮಿಲಿಗೆ 60 ಮಿಲಿಗ್ರಾಂ ಇರುವುದರಿಂದ 600 ಗ್ರಾಂ ಪ್ರಾಣಿಗೆ 0.15 ಮಿಲಿ. ಕತ್ತಿನ ಹಿಂದೆ ಕೂದಲು ಸರಿಸಿ ಚರ್ಮಕ್ಕೇ ಹಾಕಿ, ಒಣಗುವವರೆಗೆ ಜೊತೆಗಾರನನ್ನು ಬೇರೆ ಇಡಿ, ನೆಕ್ಕಿಕೊಳ್ಳುತ್ತವೆ. ನಾಯಿಯ ಟ್ಯೂಬ್ 12%, ಅದರಲ್ಲಿ ಅಳತೆ ಅರ್ಧ. ಫಿಪ್ರೊನಿಲ್ ಇರುವ ಟ್ಯೂಬ್, ಸ್ಪ್ರೇ ಮುಟ್ಟಬೇಡಿ, ಮೊಲಗಳಿಗೆ ಅದು ಪ್ರಾಣಾಂತಕ, ಗಿನಿ ಪಿಗ್‌ಗೂ ಸುರಕ್ಷಿತವೆನ್ನಲಾಗದು. ಹಸುವಿನ ಉಣ್ಣೆಗೆ ಬಳಿಯುವ ಅಮಿಟ್ರಾಜ್ ಕೂಡ ಇಷ್ಟು ಪುಟ್ಟ ದೇಹಕ್ಕೆ ಬೇಡ: ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ಕರುಳು ನಿಲ್ಲುತ್ತದೆ. ಬೇವಿನೆಣ್ಣೆ ಬಿಲದೊಳಗಿನ ಮೈಟ್‌ಗೆ ತಲುಪುವುದಿಲ್ಲ. ಕರ್ಪೂರ ಬೆರೆಸಿದ ಎಣ್ಣೆಯಂತೂ ನೆಕ್ಕಿದರೆ ವಿಷ.

ಮೊಟ್ಟೆಗಳು ಈ ಔಷಧಿಗಳಿಗೆ ಸಾಯುವುದಿಲ್ಲ. ಐವರ್ಮೆಕ್ಟಿನ್ ಆದರೆ 7ರಿಂದ 14 ದಿನದ ಅಂತರದಲ್ಲಿ ಸಾಮಾನ್ಯವಾಗಿ ಮೂರು ಬಾರಿ, ಸೆಲಮೆಕ್ಟಿನ್ ಆದರೆ ಎರಡರಿಂದ ನಾಲ್ಕು ವಾರದ ನಂತರ ಮತ್ತೊಮ್ಮೆ. ಮೊದಲ ಡೋಸ್‌ಗೆ ತುರಿಕೆ ಇಳಿಯಿತೆಂದು ನಿಲ್ಲಿಸಿದರೆ ತಿಂಗಳೊಳಗೆ ಮರುಕಳಿಸಬಹುದು. ಜೊತೆಯಲ್ಲಿರುವ ಎಲ್ಲವಕ್ಕೂ ಒಟ್ಟಿಗೆ ಹಾಕಬೇಕು. ಡೋಸ್ ದಿನವೇ ಹಾಸು ಪೂರ್ತಿ ಬದಲಿಸಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ, ಮರದ ಗೂಡನ್ನು ಎಸೆಯಿರಿ.

ಹಕ್ಕಳೆ ಕೀವಾಗಿದ್ದರೆ ಮನೆಯಲ್ಲಿರುವ ಅಮಾಕ್ಸಿಸಿಲಿನ್ ಕೊಡಲು ಕೈ ಹೋಗುತ್ತದೆ. ತಡೆಯಿರಿ. ಪೆನಿಸಿಲಿನ್ ಗುಂಪು, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ಹೆಚ್ಚಿ, ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣಿ ಸಾಯಬಹುದು. ಎನ್ರೋಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಯಾವುದು ಬೇಕೆಂದು ವೈದ್ಯರು ನಿರ್ಧರಿಸಲಿ. ತುರಿಕೆಗೆಂದು ಸ್ಟಿರಾಯ್ಡ್ ಚುಚ್ಚಿಸಿದರೆ ಮೈಟ್ ಇನ್ನಷ್ಟು ಹಬ್ಬುತ್ತದೆ.

ಎಲ್ಲ ಕೂದಲುದುರುವಿಕೆಯೂ ಮೈಟ್ ಅಲ್ಲ. ಮೂಗು, ಕಣ್ಣಿನ ಸುತ್ತ ಬೋಳಾಗಿ ಹೊಟ್ಟು ಏಳುತ್ತಿದ್ದರೆ ಹುಳಕಡ್ಡಿ ಇರಬಹುದು, ಅದು ನಿಮಗೂ ಅಂಟುತ್ತದೆ, ಐವರ್ಮೆಕ್ಟಿನ್‌ಗೆ ಬಗ್ಗದು. ವಯಸ್ಸಾದ ಹೆಣ್ಣಿಗೆ ತುರಿಕೆಯಿಲ್ಲದೆ ಎರಡೂ ಪಕ್ಕೆ ಸಮನಾಗಿ ಬೋಳಾದರೆ ಅಂಡಾಶಯದಲ್ಲಿ ನೀರುಗುಳ್ಳೆ (ಸಿಸ್ಟ್) ಇದೆಯೇ ನೋಡಿಸಿ. ಕಿವಿಯ ಹಿಂದಿನ ಬೋಳು ಹುಟ್ಟಿನಿಂದಲೇ ಇರುವಂಥದ್ದು. ಕೂದಲಲ್ಲಿ ಓಡಾಡುವುದು ಬರಿಗಣ್ಣಿಗೆ ಕಂಡರೆ ಅದು ಹೇನು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಏನೂ ಸಿಗದಿದ್ದರೂ ಬಿಲ ಕೊರೆಯುವ ಮೈಟ್ ಇಲ್ಲವೆಂದಲ್ಲ. ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡುವುದುಂಟು.

ಗಿನಿ ಪಿಗ್‌ಗೆ ದಿನಕ್ಕೆ ಕಿಲೋಗೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು, ಸೊರಗಿದ್ದರೆ ಇನ್ನೂ ಹೆಚ್ಚು: ದೊಣ್ಣೆ ಮೆಣಸಿನಕಾಯಿಯ ತುಂಡು ದಿನಾ ಕೊಡಿ. ನೀರಿನ ಬಾಟಲಿಗೆ ಹಾಕಿದ ವಿಟಮಿನ್ ಬೇಗ ಕೆಡುತ್ತದೆ. ಚಿಕಿತ್ಸೆ ನಡೆಯುವಾಗ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಹುಲ್ಲು ಮುಟ್ಟದೆ 12 ಗಂಟೆ ಕಳೆದರೆ ಬೆಳಗಾಗಲೆಂದು ಕಾಯಬೇಡಿ.