ಬಾಗಿಲು, ಕಿಟಕಿಗೆ ಯಾವ ಮರ? ತೇಗ, ಮತ್ತಿ, ಹೊನ್ನೆ, ಹಲಸು, ಅಕೇಶಿಯಾ ವಿಮರ್ಶೆ

ಇಡೀ ಮನೆಗೆ ತೇಗವೇ ಬೇಕೆಂದು ಹೊರಟರೆ ದುಡ್ಡಿನ ದೊಡ್ಡ ಪಾಲು ಗೋಡೆಯೊಳಗೆ ಸೇರಿಹೋಗುತ್ತದೆ. ಚೌಕಟ್ಟಿಗೆ ಬೇಕಾದದ್ದು ತೂಕ, ಗಟ್ಟಿತನ, ಗೆದ್ದಲು ತಡೆಯುವ ಶಕ್ತಿ. ಕದಕ್ಕೆ ಬೇಕಾದದ್ದು ಮಳೆಗಾಲಕ್ಕೂ ಬೇಸಿಗೆಗೂ ಸೊಟ್ಟಗಾಗದ ಗುಣ. ತೇಗದಲ್ಲಿ ಎರಡೂ ಇವೆ, ಆದರೆ ಚೌಕಟ್ಟಿಗೂ ಆ ಬೆಲೆ ತೆರಬೇಕಿಲ್ಲ. ಕರ್ನಾಟಕದ ಟಿಂಬರ್ ಡಿಪೋ, ಸಾ ಮಿಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಮರಗಳನ್ನು ಇಲ್ಲಿ ಈ ಲೆಕ್ಕದಲ್ಲೇ ತೂಗಿದ್ದೇವೆ.

ಮೊದಲು ತೇಗ. ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ, ಅಂದರೆ ಮಧ್ಯಮ ಭಾರ. ಕದದ ಕೆಲಸಕ್ಕೆ ಇದಕ್ಕಿಂತ ನೆಮ್ಮದಿಯ ಮರ ನಮ್ಮಲ್ಲಿ ಇನ್ನೊಂದಿಲ್ಲ. ಕೆಚ್ಚಿನಲ್ಲಿರುವ, ಅಂದರೆ ಮರದ ಒಳಗಿನ ಬಲಿತ ಗಾಢ ಬಣ್ಣದ ಭಾಗದಲ್ಲಿರುವ, ಎಣ್ಣೆಯಂಶ ಗೆದ್ದಲನ್ನೂ ಕೊಳೆಯುವುದನ್ನೂ ತಡೆಯುತ್ತದೆ. ಈ ಹೊಗಳಿಕೆಯೆಲ್ಲ ಕೆಚ್ಚಿಗೆ ಮಾತ್ರ. ಸುತ್ತಲಿನ ಬಿಳಿ ಭಾಗಕ್ಕೆ ಕುಟ್ಟೆ ಹುಳು ಸಲೀಸಾಗಿ ಬೀಳುತ್ತದೆ, ಪಾಲಿಶ್ ಹಾಕಿದ ಮೇಲೂ ಅಲ್ಲಿಂದ ಹುಡಿ ಉದುರುತ್ತದೆ. ಕೆಲವು ಕಡೆ ಬಿಳಿ ಭಾಗಕ್ಕೆ ಬಣ್ಣ ಬಳಿದು ಕೆಚ್ಚಿನಂತೆ ಕಾಣಿಸುತ್ತಾರೆ. ತುಂಡಿನ ತುದಿಯನ್ನು ಅರ್ಧ ಇಂಚು ಕೊಯ್ಸಿ ಹೊಸ ಮುಖ ನೋಡಿದರೆ ಬಿಳಿ ಅಂಚು ಎಲ್ಲಿ ನಿಲ್ಲುತ್ತದೆ ಎನ್ನುವುದು ಸ್ಪಷ್ಟವಾಗುತ್ತದೆ. ಆ ಹೊಸ ಮುಖ ಕೈಗೆ ಸ್ವಲ್ಪ ಜಿಡ್ಡು ಅನ್ನಿಸಬೇಕು, ಹಳೆಯ ಚರ್ಮದಂಥ ವಾಸನೆ ಬರಬೇಕು.

"ಬರ್ಮಾ ತೇಗ" ಎಂಬ ಬೋರ್ಡಿಗೆ ಹೆಚ್ಚು ಬೆಲೆ ಕೊಡುವ ಮುನ್ನ ಒಂದು ವಿಷಯ ನೆನಪಿಡಿ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿದೆ. ಹೀಗಾಗಿ ಮಿಲ್‌ನಲ್ಲಿ ದುಂಡು ದಿಮ್ಮಿಯನ್ನೇ ತೋರಿಸಿ ಬರ್ಮಾ ಎಂದರೆ ನಂಬುವುದು ಕಷ್ಟ. ಅದು ಘಾನಾ, ಬೆನಿನ್, ಐವರಿ ಕೋಸ್ಟ್, ಈಕ್ವೆಡಾರ್, ಪನಾಮಾಗಳ ನೆಡುತೋಪಿನ ತೇಗವಾಗಿರುವ ಸಾಧ್ಯತೆಯೇ ಹೆಚ್ಚು. ಅದೂ ಅಸಲಿ ತೇಗವೇ, ಕಳಪೆ ಎಂದು ತಳ್ಳಿಹಾಕಬೇಕಿಲ್ಲ. ಎಳೆಯ ಮರವಾದ್ದರಿಂದ ಉಂಗುರಗಳು ಅಗಲ, ಗಂಟು ಜಾಸ್ತಿ, ಬಿಳಿ ಜಾಸ್ತಿ. ಒಳಬಾಗಿಲ ಕದಕ್ಕೆ ಕೆಚ್ಚು ಆರಿಸಿ ತಂದರೆ ಧಾರಾಳವಾಗಿ ಸಾಕು. ಬಿಸಿಲು ಮಳೆಗೆ ಬೀಳುವ ಮುಂಬಾಗಿಲಿಗೆ ಮಾತ್ರ ನಮ್ಮ ಕಾಡಿನ ಬಲಿತ ಮರವೇ ಮೇಲು. ದಾಂಡೇಲಿ, ಕಿರವತ್ತಿಯಂಥ ಅರಣ್ಯ ಇಲಾಖೆಯ ಡಿಪೋಗಳ ಹರಾಜಿನಿಂದ ಬಂದ ಮಾಲಾದರೆ ಬಿಲ್ಲು, ಸಾಗಣೆ ಪಾಸು ಎರಡೂ ಇರುತ್ತವೆ. ಅವನ್ನು ಕೇಳಿ ಪಡೆಯಿರಿ.

ತೇಗದ ಕೆಲಸದಲ್ಲಿ ಎರಡು ತೊಂದರೆ. ಮರದಲ್ಲಿ ಸಿಲಿಕಾ ಇರುವುದರಿಂದ ಮಾಮೂಲಿ ಬ್ಲೇಡು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನ ಬ್ಲೇಡೇ ಬೇಕು. ಎಣ್ಣೆಯ ಕಾರಣ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಪಿಯು (ಪಾಲಿಯುರೆಥೇನ್) ಪಾಲಿಶ್ ತಡವಾಗಿ ಒಣಗುತ್ತದೆ. ಕೂಡಿಕೆಯ ಮುಖಗಳನ್ನು ತೋಪಡ (ಮರ ಹೆರೆದು ನಯಮಾಡುವ ಉಪಕರಣ) ಹೊಡೆದ ದಿನವೇ ತಿನ್ನರ್ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟು ಹಾಕಬೇಕು. ಹಿಂದಿನ ದಿನ ಒರೆಸಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಮತ್ತಿ ಚೌಕಟ್ಟಿನ ರಾಜ. ಘನ ಮೀಟರಿಗೆ 850 ಕಿಲೋ ಆಸುಪಾಸು, ಬೆಲೆ ತೇಗಕ್ಕಿಂತ ಎಷ್ಟೋ ಕಡಿಮೆ, ತಿರುಪುಮೊಳೆಯನ್ನು ಕಚ್ಚಿ ಹಿಡಿಯುವುದರಲ್ಲಿ ಗಟ್ಟಿಗ. ಆದರೆ ಒಣಗುವಾಗ ಬಿರುಕು ಬಿಡುವ ಚಾಳಿ ಇದರದ್ದು. ಹಸಿ ಮತ್ತಿಯನ್ನು ಬಿಸಿಲಿಗೆ ಬಿಟ್ಟರೆ ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿಯೇ ಇರುತ್ತದೆ. ಆ ಎಳೆದಾಟದಲ್ಲಿ ಉದ್ದಕ್ಕೂ ಸೀಳು ಬೀಳುತ್ತದೆ. ಕೊಯ್ಸಿದ ದಿನವೇ ಎರಡೂ ತುದಿಗೆ ದಪ್ಪಗೆ ಪೇಂಟ್ ಅಥವಾ ಮೇಣ ಬಳಿಯಿರಿ. ನೆರಳಿನಲ್ಲಿ, ಗಾಳಿಯಾಡುವಂತೆ ನಡುವೆ ರೀಪು (ತೆಳು ಮರದ ಪಟ್ಟಿ) ಕೊಟ್ಟು ಪೇರಿಸಿ. ತುದಿಯಿಂದ ಒಂದಡಿಗಿಂತ ಒಳಗೆ ಸೀಳು ಹೋಗಿದ್ದರೆ ಆ ತುಂಡು ಬೇಡ. ಕೂದಲೆಳೆಯಂಥ ಮೇಲ್ಬಿರುಕಿಗೆ ಹೆದರಬೇಕಿಲ್ಲ, ಪುಟ್ಟಿಯಲ್ಲಿ ಮುಚ್ಚುತ್ತದೆ. ಕದಕ್ಕೆ ಮಾತ್ರ ಮತ್ತಿ ಬೇಡವೇ ಬೇಡ. ಭಾರಕ್ಕೆ ಕೀಲು ಜೋತುಬೀಳುತ್ತದೆ, ಮಳೆಗಾಲದಲ್ಲಿ ಕದ ಬಿಗಿಯುತ್ತದೆ.

ಹೊನ್ನೆ ನಮ್ಮ ಮೆಚ್ಚಿನ ಮರ, ಒಂದು ಎಚ್ಚರಿಕೆಯೊಂದಿಗೆ. ಗಟ್ಟಿತನ, ಬಾಳಿಕೆ, ಹೊಂಬಣ್ಣ ಮೂರೂ ಇವೆ. ಆದರೆ ನೀರು ತಗುಲಿದರೆ ಬಣ್ಣ ಬಿಡುತ್ತದೆ. ಹಸಿ ಗಾರೆಗೆ ತಾಗಿದ ಹೊನ್ನೆ ಚೌಕಟ್ಟಿನ ಸುತ್ತ ಗೋಡೆಯ ಮೇಲೆ ಹಳದಿ ಕಲೆ ಮೂಡುತ್ತದೆ, ಮೇಲೆ ಬಣ್ಣ ಹೊಡೆದರೂ ಎದ್ದು ಬರುತ್ತದೆ. ಗೋಡೆಗೆ ತಾಗುವ ಮೂರು ಮುಖಕ್ಕೆ ಚೌಕಟ್ಟು ನಿಲ್ಲಿಸುವ ಮೊದಲೇ ಪ್ರೈಮರ್ ಎರಡು ಕೋಟ್ ಕೊಡಿಸಬೇಕು. ಇದೇ ಗುಣ ಅಸಲಿ ಹೊನ್ನೆಯ ಪರೀಕ್ಷೆಗೂ ಒದಗುತ್ತದೆ. ಕೆಚ್ಚಿನ ಒಂದು ಹಿಡಿ ಸಿಪ್ಪೆಯನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಹಳದಿ ಕಂದು ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಂಡರೆ ಹೊನ್ನೆ ಎಂದು ನಂಬಬಹುದು. ಇನ್ನೂ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ತುಂಡು ಕೊಟ್ಟು ಜಾತಿ ಗುರುತಿಸಿಕೊಳ್ಳಬಹುದು. ದೊಡ್ಡ ಮೊತ್ತದ ಖರೀದಿಗೆ ಆ ಓಡಾಟ ಸಾರ್ಥಕ.

ಹಲಸಿಗೆ ಸಿಗಬೇಕಾದ ಮರ್ಯಾದೆ ಬಯಲುಸೀಮೆಯಲ್ಲಿ ಸಿಕ್ಕಿಲ್ಲ. ಕರಾವಳಿ ಮಲೆನಾಡಿನ ಹಳೆಯ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗುರ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಕದದ ಹಲಗೆಗೂ ಪೀಠೋಪಕರಣಕ್ಕೂ ಒಗ್ಗುತ್ತದೆ. ಕೊಯ್ದಾಗ ಅಚ್ಚ ಹಳದಿ, ಬೆಳಕಿಗೆ ಒಡ್ಡಿಕೊಂಡಂತೆ ಕೆಂಗಂದು. ಹೊಸದರಲ್ಲೇ ಬಣ್ಣ ಹೊಂದಿಸಲು ಸ್ಟೇನ್ ಹಾಕಿದರೆ ವರ್ಷ ಕಳೆಯುವಷ್ಟರಲ್ಲಿ ಎಲ್ಲ ಕಪ್ಪಗಾಗುತ್ತದೆ, ಬಣ್ಣವಿಲ್ಲದ ಪಾಲಿಶ್ ಸಾಕು. ಎಳೆ ಹೆಣೆದುಕೊಂಡಿರುವುದರಿಂದ ತೋಪಡದ ಬಾಯಲ್ಲಿ ಚಕ್ಕೆ ಏಳುತ್ತದೆ. ಹರಿತವಾದ ಅಲಗು, ತೆಳುವಾದ ಕೀಸು ಇರಲಿ. ಹೆಬ್ಬಲಸು ಸಿಕ್ಕರೆ ಚೌಕಟ್ಟಿಗೂ ನಡೆಯುತ್ತದೆ.

ಅಕೇಶಿಯಾ ಅಗ್ಗ, ನೋಡಲು ಚೆಂದ, ಗಟ್ಟಿಯೂ ಹೌದು. ಎಳೆಯ ಮರವನ್ನು ಅವಸರದಲ್ಲಿ ಒಣಗಿಸಿ ಮಾರುತ್ತಾರೆ, ಕದ ತಿರುಚಿಕೊಳ್ಳುತ್ತದೆ. ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಕೋಣೆ) ಒಣಗಿಸಿದ್ದು ಖಾತ್ರಿಯಾದರೆ ಮಾತ್ರ ಕೊಳ್ಳಿ, ಅದೂ ಒಳಗಿನ ಕೆಲಸಕ್ಕೆ. ನಂದಿ ಮರ ಕಿಟಕಿಗೆ ಒಳ್ಳೆಯದು. ಸಿಲ್ವರ್ ಓಕ್, ರಬ್ಬರ್ ಮರ ಹೊರಗಿನ ಕೆಲಸಕ್ಕೆ ಯಾವ ಕಾರಣಕ್ಕೂ ಬೇಡ. "ಮಲೇಷ್ಯಾ ಸಾಲ್" ಎನ್ನುವುದು ಒಂದು ಮರದ ಹೆಸರಲ್ಲ, ಹಲವು ಆಮದು ಮರಗಳಿಗೆ ಅಂಗಡಿಯಲ್ಲಿ ಇಟ್ಟ ಹೆಸರು. ಭಾರವಾದ, ಎಳೆ ನೇರವಾದ ತುಂಡುಗಳನ್ನೇ ಆರಿಸಬೇಕು.

ಜಾತಿಗಿಂತ ಹೆಚ್ಚು ಕೆಲಸ ಕೆಡಿಸುವುದು ತೇವ. ಬೆಂಗಳೂರು, ಮೈಸೂರಿನ ಹವೆಗೆ ಕದದ ಮರದಲ್ಲಿ ನೂರಕ್ಕೆ 10ರಿಂದ 12 ತೇವ ಇರಬೇಕು, ಮಂಗಳೂರು ಕಡೆ 14–15 ಇದ್ದರೂ ಸರಿ. ತೇವ ಅಳೆಯುವ ಮೀಟರನ್ನು ಮೇಲ್ಮೈಗೆ ಚುಚ್ಚಿ ತೋರಿಸಿದರೆ ಒಪ್ಪಬೇಡಿ, ಹೊರಪದರ ಯಾವಾಗಲೂ ಒಣಗಿಯೇ ಇರುತ್ತದೆ. ತುದಿಯಿಂದ ಒಂದಡಿ ಕೊಯ್ಸಿ ಹೊಸ ಮುಖದ ನಡುವಿಗೆ ಚುಚ್ಚಿಸಿ. ಮೀಟರ್ ಇಲ್ಲದಿದ್ದರೆ ಅದೇ ಜಾಗದಿಂದ ಚಿಕ್ಕ ತುಂಡು ತಂದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 118 ಗ್ರಾಂ ಇದ್ದದ್ದು 100 ಗ್ರಾಮಿಗೆ ನಿಂತರೆ ತೇವ ನೂರಕ್ಕೆ 18.

ಆ 18ರ ಮರದಿಂದ ಏನಾಗುತ್ತದೆ? ಕದದ ನಡುವಿನ ಪ್ಯಾನೆಲಿಗೆ 350 ಮಿಲಿಮೀಟರ್ ಅಗಲದ ತೇಗದ ಹಲಗೆ ಹಾಕಿದ್ದೀರಿ ಎನ್ನಿ. ಹಸಿಯಿಂದ ಪೂರ್ತಿ ಒಣಗುವವರೆಗೆ, ಉಂಗುರದ ಗುಂಟ ತೇಗ ಕುಗ್ಗುವುದು ನೂರಕ್ಕೆ 6ಕ್ಕಿಂತ ಸ್ವಲ್ಪ ಕಡಿಮೆ. ತೇವ 18ರಿಂದ 10ಕ್ಕೆ ಇಳಿದಾಗ ಆ ಹಲಗೆ ಸುಮಾರು 5 ಮಿಲಿಮೀಟರ್ ಒಳಸರಿಯುತ್ತದೆ. ಉಂಗುರಗಳು ಮುಖಕ್ಕೆ ನೇರವಾಗಿ ನಿಲ್ಲುವಂತೆ ಕೊಯ್ದ ಹಲಗೆಯಾದರೆ ಅದರ ಅರ್ಧಕ್ಕಿಂತ ಕಡಿಮೆ. ಇಷ್ಟು ಚಲನೆಯನ್ನು ಅಂಟಾಗಲೀ ಮೊಳೆಯಾಗಲೀ ತಡೆಯಲಾರದು, ತಡೆಯಲು ಹೋದರೆ ಹಲಗೆಯೇ ನಡುವೆ ಸೀಳುತ್ತದೆ. ಹಾಗಾಗಿ ಸುತ್ತಲಿನ ಗಾಡಿ (ಹಲಗೆಯ ಅಂಚು ಕೂರಲು ಪಟ್ಟಿಯಲ್ಲಿ ಕೊರೆದ ಕಾಲುವೆ) 12 ಮಿಲಿಮೀಟರ್ ಆಳ ಇರಲಿ, ಹಲಗೆ ಪ್ರತಿ ಬದಿಯಲ್ಲಿ 9 ಮಿಲಿಮೀಟರ್ ಮಾತ್ರ ಒಳಗೆ ಹೋಗಲಿ, ಅಂಟು ಬೇಡ. ಪ್ಯಾನೆಲಿಗೆ ಗಾಡಿಯೊಳಗೆ ಕೂರುವ ಮೊದಲೇ ಪಾಲಿಶ್ ಹೊಡೆದಿಡಿ. ಇಲ್ಲವಾದರೆ ಬೇಸಿಗೆಯಲ್ಲಿ ಕುಗ್ಗಿದಾಗ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ.

ಅಳತೆಯ ಲೆಕ್ಕವನ್ನು ನೀವೇ ಹಾಕಿ. ಘನ ಅಡಿ ಎಂದರೆ ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸುವುದು. 7 ಅಡಿ ಎತ್ತರ, 3½ ಅಡಿ ಅಗಲದ ಬಾಗಿಲಿಗೆ 5×3 ಇಂಚಿನ ಚೌಕಟ್ಟು ಎಂದರೆ ಎರಡು ಕಂಬ, ಮೇಲಿನ ಅಡ್ಡ, ಮರದ ಹೊಸಿಲು ಸೇರಿ 21 ಅಡಿ. 21×15÷144 ಅಂದರೆ 2.19 ಘನ ಅಡಿ. ಕಲ್ಲಿನ ಹೊಸಿಲಾದರೆ 1.82ಕ್ಕೆ ಇಳಿಯುತ್ತದೆ, ನೆಲದ ತೇವವೂ ತಪ್ಪುತ್ತದೆ. ಬಿಲ್ಲಿನಲ್ಲಿ ಬರುವುದು ಕೊಯ್ದ ಸೈಜು. ತೋಪಡ ಹೊಡೆದ ಮೇಲೆ 5 ಇಂಚು ಸುಮಾರು 4¾ ಆಗುತ್ತದೆ, ಕೀಲು ಬೀಗ ಆರಿಸುವಾಗ ಆ ಅಳತೆಯೇ ಲೆಕ್ಕಕ್ಕೆ. ದುಂಡು ದಿಮ್ಮಿಯಾದರೆ ಸುತ್ತಳತೆಯ ಇಂಚನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. ಇದು ನಿಜ ಗಾತ್ರದ ಸುಮಾರು 78.5 ಶೇಕಡಾ, ಉಳಿದದ್ದನ್ನು ಕೊಯ್ತದ ನಷ್ಟಕ್ಕೆಂದು ಬಿಟ್ಟುಕೊಡುತ್ತಾರೆ.

ಕದದ ಅಳತೆಯನ್ನು ಗಾರೆ, ಸುಣ್ಣಬಣ್ಣದ ಮೊದಲ ಕೋಟ್ ಎರಡೂ ಆರಿದ ಮೇಲೆ ತೆಗೆಯಿಸಿ. ಹಸಿ ಗೋಡೆಯ ಪಕ್ಕ ಚೌಕಟ್ಟು ಉಬ್ಬಿರುತ್ತದೆ, ಆಗ ಅಳೆದು ಮಾಡಿಸಿದ ಕದ ನಾಲ್ಕು ತಿಂಗಳಿಗೆ ಸಡಿಲ. ಮುಂಬಾಗಿಲಿನ ದಪ್ಪ ಒಂದೂವರೆ ಇಂಚಿಗೆ ಕಡಿಮೆ ಬೇಡ. ಕದ ನಿಲ್ಲಿಸುವ ಮೊದಲು ಮೇಲಿನ ಅಂಚು, ಕೆಳಗಿನ ಅಂಚು ಎರಡಕ್ಕೂ ಪಾಲಿಶ್ ಬಿದ್ದಿದೆಯೇ ಎಂದು ಕೈಯಾಡಿಸಿ ನೋಡಿ. ಕದದ ನಿಲುಪಟ್ಟಿಗಳ ಎಳೆಯ ಬಾಯಿ ತೆರೆದಿರುವುದು ಅಲ್ಲೇ, ಮಳೆಗಾಲದಲ್ಲಿ ತೇವ ಹೆಚ್ಚಾಗಿ ನುಗ್ಗುವುದೂ ಅಲ್ಲಿಂದಲೇ.